ನಾಲ್ಕನೇ ಸಾಲು

ಆಗಸ್ಟ್ 5, ಸೋಮವಾರ

ಈ ನೋಟ್‌ಬುಕ್ಕು ಮೇಷ್ಟ್ರು ಕೊಟ್ಟದ್ದು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಜೈಲಿನ ಕ್ಯಾಮೆರಾ, ತಂತಿಗಳನ್ನು ನೋಡಿಕೊಳ್ಳುತ್ತ ದಿನವೆಲ್ಲ ಕಂಪ್ಯೂಟರಿನ ಮುಂದೆ ಕೂತರೂ ಒಂದು ರಜಾ ಅರ್ಜಿ ಬರೆಯಬೇಕೆಂದರೆ ಕೈ ಬೆವರುತ್ತದೆ, ಅವರ ಹತ್ತಿರ ಓಡುತ್ತೇನೆ. "ದಿನಾ ಹತ್ತು ಸಾಲು ಬರಿಯಪ್ಪ. ಯಾರಿಗೂ ತೋರಿಸ್ಬೇಡ, ನನಗೂ ತೋರಿಸ್ಬೇಡ. ನಿನ್ನ ತಲೆಯೊಳಗೆ ಓಡಾಡೋ ಇಲಿಗಳು ಸ್ವಲ್ಪ ಕಾಗದದ ಮೇಲೂ ಓಡಾಡ್ಲಿ" ಎಂದರು.

ಮೇಷ್ಟ್ರು ನಮ್ಮ ಜೈಲಿನ ಕೈದಿ. ಒಂಬತ್ತು ವರ್ಷವಾಯಿತು. ಗೋಡೆ ಜಗಳದಲ್ಲಿ ಪಕ್ಕದ ಮನೆಯವನ ತಲೆಗೆ ಸಲಿಕೆಯಿಂದ ಹೊಡೆದರು, ಅವನು ಮೂರನೇ ದಿನ ಸತ್ತ. ಅದನ್ನು ಅವರು ಮುಚ್ಚಿಡುವುದಿಲ್ಲ. ಈಗ ಜೈಲಿನ ಲೈಬ್ರರಿ ನೋಡಿಕೊಳ್ಳುತ್ತಾರೆ, ಓದು ಬಾರದ ಕೈದಿಗಳಿಗೆ ಅರ್ಜಿ ಬರೆದುಕೊಡುತ್ತಾರೆ.

ಇವತ್ತು ಅಡುಗೆಮನೆಯ ಹೊರಗೆ ಒಬ್ಬನನ್ನು ಇರಿದರು. ಚಮಚದ ಹಿಡಿಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಸೂಜಿಯ ಹಾಗೆ ಮಾಡಿಟ್ಟುಕೊಂಡಿದ್ದರಂತೆ. ಕಾವಲಿಗಿದ್ದ ವಾರ್ಡರ್ ಕೂಡಲೇ ಕೆಂಪು ಗುಂಡಿ ಒತ್ತಿದ್ದಾನೆ. ರಸ್ತೆಯಾಚೆಯ ಮುಖ್ಯ ಕಚೇರಿಯಲ್ಲಿರುವ ಕಂಟ್ರೋಲ್ ರೂಮಿನಲ್ಲಿ ಗಂಟೆ ಬಾರಿಸಿದ್ದು ಹದಿನಾಲ್ಕು ಸೆಕೆಂಡು ಬಿಟ್ಟು. ಆ ಹದಿನಾಲ್ಕು ಸೆಕೆಂಡಿನಲ್ಲಿ ಒಂಬತ್ತು ಇರಿತ. ತಂತಿ ನೋಡಲು ನನ್ನನ್ನು ಕರೆದಾಗ ಗೋಡೆಯ ಮೇಲೆ ಭುಜದೆತ್ತರದವರೆಗೆ ರಕ್ತವಿತ್ತು. ಒಬ್ಬ ಕೈದಿ ಬಕೆಟ್ಟಿನಲ್ಲಿ ನೀರು ತಂದು ಎರಚುತ್ತಿದ್ದ.

ಸೂಪರಿಂಟೆಂಡೆಂಟ್ ಸಾಹೇಬರು ನನ್ನ ಕಡೆ ತಿರುಗಿದರು. "ಗಂಟೆ ಯಾಕಯ್ಯ ಲೇಟು?"

"ಇಲ್ಲಿಂದ ಅಲ್ಲಿಗೆ ಇರೋದು ಒಂದೇ ಹಳೇ ತಂತಿ ಸಾರ್. ಅರವತ್ತೆರಡು ಕ್ಯಾಮೆರಾದ ಚಿತ್ರ ಅದರಲ್ಲೇ ಹೋಗ್ಬೇಕು. ಗಂಟೆದು ತೀರಾ ಸಣ್ಣದು ಸಾರ್, ಆದ್ರೆ ಅವುಗಳ ಹಿಂದೆ ನಿಂತಿತ್ತು."

"ಹಿಂದೆ ನಿಂತಿದ್ದು ಗಂಟೆಯಲ್ಲ, ನೀನು. ಎರಡು ದಿನದಲ್ಲಿ ಸರಿಮಾಡು."

ಸಂಜೆ ಕೇಬಲ್ ರೂಮಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿದೆ. ಮನೆಗೆ ಬಂದ ಮೇಲೆ ಅನುಮಾನ. ಎಳೆದದ್ದು ಮೂರು ಸಲವೋ ಎರಡೋ?

ಆಗಸ್ಟ್ 7, ಬುಧವಾರ

ಮುಗಿಯಿತು. ನಾಲ್ಕು ಸಾಲು ಮಾಡಿದ್ದೇನೆ. ಮರೆಯಬಾರದೆಂದು ಬರೆದಿಡುತ್ತೇನೆ.

ತಂತಿಯಲ್ಲಿ ಯಾವುದೂ ಇಡಿಯಾಗಿ ಹೋಗುವುದಿಲ್ಲ. ಚಿತ್ರವಾಗಲಿ ಮಾತಾಗಲಿ, ಕತ್ತರಿಸಿ ಸಣ್ಣ ಸಣ್ಣ ಪ್ಯಾಕೆಟ್ ಮಾಡಿ ಕಳಿಸಬೇಕು, ಆಚೆ ಕಡೆ ಜೋಡಿಸಿಕೊಳ್ಳುತ್ತಾರೆ. ಪ್ರತಿ ಪ್ಯಾಕೆಟ್ಟಿನ ಹಣೆಗೂ ಒಂದು ಗುರುತು ಹಾಕಬಹುದು. ಬಾಗಿಲಲ್ಲಿ ಕೂತಿರುವ ರೂಟರ್ ಪೆಟ್ಟಿಗೆ ಆ ಗುರುತು ನೋಡಿ ಯಾರು ಮುಂದೆ ಯಾರು ಹಿಂದೆ ಎಂದು ಬಿಡುತ್ತದೆ. ಮೊದಲ ಸಾಲಿಗೆ ಗಂಟೆ, ಗೇಟು. ಎರಡನೆಯದಕ್ಕೆ ಫೋನು, ಮತ್ತೆ ಕೈದಿಗಳನ್ನು ಟಿವಿಯಲ್ಲೇ ನ್ಯಾಯಾಧೀಶರ ಮುಂದೆ ನಿಲ್ಲಿಸುವ ವಿಚಾರಣೆ. ಮೂರನೆಯದಕ್ಕೆ ಕ್ಯಾಮೆರಾ. ನಾಲ್ಕನೆಯದಕ್ಕೆ ಉಳಿದದ್ದೆಲ್ಲ: ಲೈಬ್ರರಿ ಕಂಪ್ಯೂಟರು, ಮನೆಯವರ ವಿಡಿಯೋ ಕರೆ, ಗುರುತೇ ಇಲ್ಲದವು. ದಾರಿ ಖಾಲಿಯಿದ್ದರೆ ಎಲ್ಲರೂ ಹೋಗುತ್ತಾರೆ. ಕಿಕ್ಕಿರಿದಾಗ ನಾಲ್ಕನೇ ಸಾಲಿನವು ಕಾಯುತ್ತವೆ. ಕಾಯುವುದಕ್ಕೂ ಜಾಗ ಸಾಲದಿದ್ದರೆ ಪೆಟ್ಟಿಗೆ ಅವನ್ನು ಬಿಸಾಕುತ್ತದೆ. ಸದ್ದಿಲ್ಲ, ಗದ್ದಲವಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇದನ್ನೇ ಹೇಳಿದೆ. ಭಾವಮೈದುನ, ಹೆಂಡತಿಯ ತಮ್ಮ, ನಮ್ಮ ಜೊತೆಗೇ ಇದ್ದಾನೆ. ಇಪ್ಪತ್ಮೂರು ವರ್ಷ. ಸಾಹೇಬರ ಕೈಕಾಲು ಹಿಡಿದು ನಾಲ್ಕು ತಿಂಗಳ ಹಿಂದೆ ಅವನನ್ನು ವಾರ್ಡರ್ ಕೆಲಸಕ್ಕೆ ಸೇರಿಸಿದವನು ನಾನೇ.

"ಭಾವ, ಈ ಮನೇಲಿ ನಾನು ಎಷ್ಟನೇ ಸಾಲು?"

"ಸಾರು ಬಡಿಸೋವಾಗ ನೀನೇ ಮೊದಲು, ನೋಡ್ತಿಲ್ವಾ?"

"ನೀವು?"

ಹೆಂಡತಿ ಸೌಟು ಎತ್ತಿ, "ಅವರು ನಾಲ್ಕನೇದು. ಗುರುತೇ ಇಲ್ಲದವರು" ಎಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮಧ್ಯಾಹ್ನವೇ ಸಾಹೇಬರ ರೂಮಿನ ಪರದೆಯಲ್ಲಿ ಯಾವ ಸಾಲಿನಲ್ಲಿ ಏನು ಹೋಗುತ್ತಿದೆ ಎಂದು ಕಾಣುವ ಹಾಗೆ ಮಾಡಿದೆ. "ಆ ನಾಲ್ಕನೇದು ಕಸ, ಅದನ್ಯಾಕೆ ತೋರಿಸ್ತೀಯ? ತೆಗಿ" ಎಂದರು. ತೆಗೆದೆ.

ಆಗಸ್ಟ್ 9, ಶುಕ್ರವಾರ

ಇರಿತ ತಿಂದವನು ಸತ್ತ.

ಸಾಹೇಬರು ಕರೆಸಿದ್ದರು. ಪಕ್ಕದಲ್ಲಿ ಮುಂಗೈ ನಿಂತಿದ್ದ. ಅವನು ಹೆಡ್ ವಾರ್ಡರ್. ಸದಾ ತೋಳು ಮಡಚಿಕೊಂಡಿರುವುದರಿಂದ ಜೈಲಿಗೆಲ್ಲ ಅವನ ಹೆಸರು ಅದೇ.

"ಆರನೇ ಬ್ಲಾಕಿನ ಕ್ಯಾಮೆರಾ ಒಂದು ಗಂಟೆ ಆಫ್ ಮಾಡಿದ್ರೆ?" ಎಂದರು ಸಾಹೇಬರು.

"ಎಷ್ಟು ಹೊತ್ತಿಗೆ ಆಫ್ ಆಯ್ತು, ಎಷ್ಟು ಹೊತ್ತಿಗೆ ಆನ್ ಆಯ್ತು, ಎಲ್ಲ ಮುಖ್ಯ ಕಚೇರೀಲಿ ದಾಖಲಾಗುತ್ತೆ ಸಾರ್."

ಸಾಹೇಬರ ಮುಖ ಸಣ್ಣಗಾಯಿತು. ಮುಂಗೈ, "ಈ ತಂತಿಯಿಂದ ಒಂದು ಉಪಯೋಗ ಇಲ್ಲ ಸಾರ್" ಎಂದ. ನನ್ನನ್ನು ಅವನು ಕರೆಯುವುದೇ ತಂತಿ ಎಂದು. ಕೆಲಸ ಹೋಯಿತು, ಕ್ವಾರ್ಟರ್ಸ್ ಬಿಡಬೇಕು, ಭಾವಮೈದುನನನ್ನೂ ತೆಗೆಯುತ್ತಾರೆ, ಎಲ್ಲವೂ ಒಂದೇ ಉಸಿರಿನಲ್ಲಿ ಕಣ್ಣಮುಂದೆ ಬಂತು. ಬಾಯಿ ತಾನಾಗಿಯೇ ಆಡಿತು.

"ಆಫ್ ಮಾಡೋದೇ ಬೇಡ ಸಾರ್. ಅದೊಂದನ್ನ ನಾಲ್ಕನೇ ಸಾಲಿಗೆ ಹಾಕಿದ್ರಾಯ್ತು. ಹನ್ನೊಂದರಿಂದ ಹನ್ನೆರಡು ವಿಚಾರಣೆ ನಡೆಯುತ್ತೆ, ತಂತಿ ತುಂಬಿರುತ್ತೆ. ಚಿತ್ರ ಹೋಗಲ್ಲ. ಯಾರಾದ್ರೂ ಕೇಳಿದ್ರೆ ಲೈನ್ ರಶ್ ಇತ್ತು ಅನ್ನಬಹುದು. ಸುಳ್ಳೂ ಅಲ್ಲ."

ಸಾಹೇಬರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಕೂತ್ಕೋಯ್ಯ" ಎಂದರು. ಹನ್ನೊಂದು ವರ್ಷದಲ್ಲಿ ಆ ರೂಮಿನ ಕುರ್ಚಿಯಲ್ಲಿ ಕೂತದ್ದು ಇವತ್ತೇ.

ಆಗಸ್ಟ್ 12, ಸೋಮವಾರ

ಬರೆಯಲೋ ಬೇಡವೋ ಎಂದು ಸಂಜೆಯಿಂದ ಒದ್ದಾಡುತ್ತಿದ್ದೇನೆ.

ಹನ್ನೊಂದಕ್ಕೆ ಸಾಲು ಬದಲಿಸಿದೆ. ಚಿತ್ರ ಹೇಗೆ ಒಡೆಯುತ್ತದೆಂದು ಪರೀಕ್ಷಿಸಬೇಕಲ್ಲ, ಹಾಗಾಗಿ ನೋಡುತ್ತ ಕೂತೆ. ಚಮಚದಿಂದ ಇರಿದ ಗುಂಪಿನ ಮೂವರನ್ನು ತಂದು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಚಿತ್ರ ನಿಂತಿತು. ಹತ್ತು ಸೆಕೆಂಡಾದ ಮೇಲೆ ಇನ್ನೊಂದು: ಮುಂಗೈಯ ಲಾಠಿ ತಲೆಗಿಂತ ಮೇಲೆ. ಮತ್ತೆ ನಿಂತಿತು. ಅದರ ಮುಂದಿನದರಲ್ಲಿ ಒಬ್ಬ ನೆಲದ ಮೇಲೆ, ಬಾಯಿ ತೆರೆದುಕೊಂಡು. ಲಾಠಿ ಎತ್ತಿದ್ದು ಕಾಣುತ್ತದೆ, ಬಿದ್ದದ್ದು ಕಾಣುವುದಿಲ್ಲ. ಹಾಗೆ ಐವತ್ತು ನಿಮಿಷ. ಕೊನೆಕೊನೆಗೆ ಬಂದ ಚಿತ್ರದಲ್ಲಿ ಒಬ್ಬನ ಪಾದ ಹಿಂದುಮುಂದಾಗಿತ್ತು. ಹೇಗೆ ಹಾಗಾಯಿತೆಂದು ಯೋಚಿಸಬಾರದು ಎಂದುಕೊಂಡು ಅದನ್ನೇ ಯೋಚಿಸಿದೆ.

ಕಾಣದಿರುವುದನ್ನು ತಲೆಯೇ ತುಂಬಿಸುತ್ತದೆ. ಬ್ಯಾಟರಿಗಳ ಹಿಂದೆ ಹೋಗಿ ವಾಂತಿ ಮಾಡಿದೆ. ಆಮೇಲೆ ಒರೆಸಿದೆ. ಬೀಗ ಐದು ಸಲ ಎಳೆದೆ.

ಆಗಸ್ಟ್ 13, ಮಂಗಳವಾರ

ರಜೆ ಹಾಕಿದೆ. ಜ್ವರ ಎಂದೆ. ನಿಜವಾಗಿಯೂ ಬಂತು.

ಆಗಸ್ಟ್ 16, ಶುಕ್ರವಾರ

ಇವತ್ತು ಇನ್ನೊಮ್ಮೆ. ಈ ಸಲ ಇಬ್ಬರು. ಪರದೆಯ ಮೇಲೆ ಬಟ್ಟೆ ಹಾಕಿ ಊಟದ ಡಬ್ಬಿ ಬಿಚ್ಚಿದೆ. ಗೋಡೆಯಾಚೆಯಿಂದ ಸದ್ದು ಬರುತ್ತದೆ, ಒದ್ದೆ ಚಾಪೆಯನ್ನು ಕಲ್ಲಿಗೆ ಬಡಿದಂತೆ. ಫ್ಯಾನು ಜೋರಾಗಿ ಹಾಕಿದರೆ ಅಷ್ಟಾಗಿ ಕೇಳಿಸುವುದಿಲ್ಲ.

ತೊಂದರೆ ಏನೆಂದರೆ ಸಾಹೇಬರು ಹತ್ತೂ ಐವತ್ತಕ್ಕೆ ಹೇಳಿ ಕಳಿಸುತ್ತಾರೆ. ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬರಬೇಕು. ಮೊದಲೇ ಹೇಳಿದರೆ ಇವರಿಗೇನು ಕಷ್ಟ?

ಆಗಸ್ಟ್ 20, ಮಂಗಳವಾರ

ನಿನ್ನೆ ಒಳ್ಳೆಯ ಉಪಾಯ ಹೊಳೆಯಿತು. ಪೆಟ್ಟಿಗೆಗೇ ಹೇಳಿಬಿಟ್ಟೆ, ಪ್ರತಿದಿನ ಹನ್ನೊಂದಕ್ಕೆ ಆರನೇ ಬ್ಲಾಕನ್ನು ನಾಲ್ಕನೇ ಸಾಲಿಗೆ ತಳ್ಳು, ಹನ್ನೆರಡಕ್ಕೆ ಮೂರನೇ ಸಾಲಿಗೆ ವಾಪಸ್ಸು ತಾ ಎಂದು. ಇನ್ನು ಯಾರೂ ನನಗೆ ಹೇಳಿ ಕಳಿಸಬೇಕಾಗಿಲ್ಲ, ನಾನು ಮುಟ್ಟಬೇಕಾಗಿಲ್ಲ. ಅಲ್ಲಿ ಏನಾದರೂ ನಡೆಯಲಿ, ನಡೆಯದಿರಲಿ, ಅದು ಗಡಿಯಾರದ ಕೆಲಸ. ಸಾಹೇಬರು ಬೆನ್ನು ತಟ್ಟಿದರು. ನಿನ್ನೆ ರಾತ್ರಿ ಎಂಟು ಗಂಟೆ ನಿದ್ದೆ ಮಾಡಿದೆ. ಹೆಂಡತಿ, "ಏನ್ರೀ, ಮಧ್ಯರಾತ್ರಿ ಎದ್ದು ಗ್ಯಾಸ್ ನೋಡೋದು ಬಿಟ್ಬಿಟ್ರಾ?" ಎಂದಳು.

ಭಾವಮೈದುನನನ್ನು ಆರನೇ ಬ್ಲಾಕಿಗೆ ಹಾಕಿದ್ದಾರೆ. ಬಲಗೈ ಗೆಣ್ಣುಗಳು ಊದಿಕೊಂಡಿದ್ದವು. ಬಾಗಿಲು ತಗುಲಿತು ಎಂದ. ಅವನ ಅಕ್ಕ ಅರಿಶಿನ ಹಚ್ಚಿದಳು. ಊಟದ ಹೊತ್ತಿಗೆ ಈಗ ಅವನು ನಗೆಚಾಟಿಕೆ ಮಾಡುವುದಿಲ್ಲ. ಮನೆ ಒಂದು ರೀತಿಯಲ್ಲಿ ನೆಮ್ಮದಿಯಾಗಿದೆ.

ಆಗಸ್ಟ್ 23, ಶುಕ್ರವಾರ

ಲೈಬ್ರರಿಯ ಕಂಪ್ಯೂಟರ್ ನೋಡಲು ಹೋಗಿದ್ದೆ. ಮೇಷ್ಟ್ರು ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದರು.

"ಬರೀತಿದ್ದೀಯೇನಪ್ಪ?"

"ಬರೀತಿದ್ದೀನಿ ಮೇಷ್ಟ್ರೇ."

"ಇಲಿಗಳು?"

"ಕಡಿಮೆಯಾಗಿವೆ."

"ಹೌದಾ? ಕಡಿಮೆಯಾಗ್ಬಾರ್ದಿತ್ತಲ್ಲ." ಅಂಟು ಕೈಯನ್ನು ಪಂಚೆಗೆ ಒರೆಸಿಕೊಂಡರು. "ಹನ್ನೊಂದು ಗಂಟೆಗೆ ಆರನೇ ಬ್ಲಾಕಿನ ಕ್ಯಾಮೆರಾ ಕುರುಡಾಗುತ್ತಂತೆ."

"ಅದು ಆಫ್ ಆಗಿಲ್ಲ ಮೇಷ್ಟ್ರೇ."

"ಆಫ್ ಆಗಿದೆ ಅಂತ ನಾನೆಲ್ಲಿ ಅಂದೆ? ಪಕ್ಕದ ಮನೆಯವನ ತಲೆಗೆ ಸಲಿಕೆ ಬೀಸಿದಾಗ ನಾನೂ ಕಣ್ಣು ಮುಚ್ಚಿರಲಿಲ್ಲ. ನೋಡ್ತಾನೇ ಇದ್ದೆ. ನೋಡಿದ್ದು ಮಾತ್ರ ಒಳಗೆ ಹೋಗ್ಲಿಲ್ಲ. ಕಾಲು ಮುರಿದ ಹುಡುಗನ ಕಡೆಯಿಂದ ನ್ಯಾಯಾಧೀಶರಿಗೆ ಒಂದು ಅರ್ಜಿ ಬರೀತಿದ್ದೀನಿ. ದಿನ, ಹೊತ್ತು ಎಲ್ಲ ಹಾಕಿ."

ನನ್ನ ಹೆಸರು ಅದರಲ್ಲಿದೆಯೇ ಎಂದು ಕೇಳಬೇಕೆಂದಿದ್ದೆ. ಕೇಳದೆಯೇ ಎದ್ದೆ. ಅಲ್ಲಿಂದ ಬಂದವನು ಅರ್ಧ ಗಂಟೆ ವೆರಾಂಡಾದಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆ. ಅರ್ಜಿ ಹೋದರೆ ತನಿಖೆ. ತನಿಖೆ ಬಂದರೆ ಪೆಟ್ಟಿಗೆ ಬಿಚ್ಚುತ್ತಾರೆ. ಪೆಟ್ಟಿಗೆ ಬಿಚ್ಚಿದರೆ ನಾನು.

ಸಾಹೇಬರ ಕಿವಿಗೆ ಹಾಕಿದೆ. ಇಷ್ಟೇ ಹೇಳಿದ್ದು: ಮೇಷ್ಟ್ರಿಗೆ ಗೊತ್ತಾದ ಹಾಗಿದೆ ಸಾರ್, ಸ್ವಲ್ಪ ಕರೆದು ಮಾತಾಡಿ. ಮಾತಾಡಿ ಎಂದೇ ಹೇಳಿದ್ದು.

ಆಗಸ್ಟ್ 26, ಸೋಮವಾರ

ಬೆಳಿಗ್ಗೆ ಏಳಕ್ಕೆ ಕರೆಂಟು ಹೋಯಿತು. ಬ್ಯಾಟರಿಗಳನ್ನು ಬದಲಾಯಿಸಲು ಬಿಚ್ಚಿಟ್ಟಿದ್ದೆ, ಹಾಗಾಗಿ ಪೆಟ್ಟಿಗೆಯೂ ಸತ್ತಿತು. ಬಂದದ್ದು ಒಂಬತ್ತೂ ಇಪ್ಪತ್ತಕ್ಕೆ. ಎಲ್ಲ ಸಾಲುಗಳೂ ಸರಿಯಾಗಿ ಎದ್ದವು. ಖುಷಿಯಾಯಿತು.

ಹನ್ನೊಂದಕ್ಕೆ ಮೇಷ್ಟ್ರನ್ನು ಆರನೇ ಬ್ಲಾಕಿಗೆ ಕರೆದುಕೊಂಡು ಹೋದರು. ಕಿಟಕಿಯಿಂದ ಕಂಡಿತು. ಒಂದು ಚಪ್ಪಲಿ ಕಾಲಿನಿಂದ ಜಾರಿತು, ಹಾಕಿಕೊಳ್ಳಲು ಬಗ್ಗಿದರು, ಮುಂಗೈ ಬಗ್ಗಲು ಬಿಡಲಿಲ್ಲ. ಸಂಜೆ ನಾನು ಮನೆಗೆ ಹೊರಟಾಗಲೂ ಚಪ್ಪಲಿ ಅಂಗಳದಲ್ಲೇ ಇತ್ತು.

ಫ್ಯಾನು ಹಾಕಿದೆ.

ಆಗಸ್ಟ್ 27, ಮಂಗಳವಾರ

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಬೆಳಿಗ್ಗೆ ವಾರದ ಲೆಕ್ಕಕ್ಕೆಂದು ಕ್ಯಾಮೆರಾಗಳ ಚಿತ್ರ ಹೇಗೆ ಬಂದಿದೆ ಎಂದು ನೋಡುತ್ತಿದ್ದೆ. ಮುಖ್ಯ ಕಚೇರಿಯಲ್ಲಿ ಎಲ್ಲ ಹದಿನೈದು ದಿನ ಇರುತ್ತದೆ, ಅಲ್ಲಿ ಯಾರೂ ತೆರೆದು ನೋಡುವುದಿಲ್ಲ, ನಾನೊಬ್ಬ ನೋಡುತ್ತೇನೆ. ಆರನೇ ಬ್ಲಾಕಿನ ಚಿತ್ರ ನಿನ್ನೆ ಮಧ್ಯಾಹ್ನ ಒಂದೂ ಇಪ್ಪತ್ತರಿಂದ ಎರಡೂ ಇಪ್ಪತ್ತರವರೆಗೆ ಒಡೆದುಹೋಗಿದೆ. ಖಾಲಿ ಕಾರಿಡಾರು. ನಿನ್ನೆ ವಿಚಾರಣೆಗಳು ಮಧ್ಯಾಹ್ನಕ್ಕೂ ಎಳೆದಿದ್ದವು, ತಂತಿ ತುಂಬಿತ್ತು ನಿಜ, ಆದರೆ ಆ ಹೊತ್ತಿಗೆ ಈ ಕ್ಯಾಮೆರಾ ಮೂರನೇ ಸಾಲಿನಲ್ಲಿರಬೇಕಿತ್ತು. ಅದು ಹೇಗೆ ಎಂದು ಪೆಟ್ಟಿಗೆಯ ಗಡಿಯಾರ ನೋಡಿದೆ. ಎರಡು ಗಂಟೆ ಇಪ್ಪತ್ತು ನಿಮಿಷ ಹಿಂದಿದೆ. ಕರೆಂಟು ಹೋದಾಗ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎಣಿಸಿಕೊಂಡು ಬಂದಿದೆ.

ಎದ್ದ ಕೂಡಲೇ ಅದು ಮುಖ್ಯ ಕಚೇರಿಯನ್ನು ಈಗ ಗಂಟೆ ಎಷ್ಟು ಎಂದು ಕೇಳಬೇಕು. ಕೇಳಿದೆ. ಆದರೆ ಆ ಪ್ರಶ್ನೆಗೆ ನಾನು ಗುರುತು ಹಾಕಿರಲಿಲ್ಲ. ಗುರುತಿಲ್ಲದ್ದು ನಾಲ್ಕನೇ ಸಾಲು. ಕರೆಂಟು ಬಂದೊಡನೆ ಅರವತ್ತೆರಡು ಕ್ಯಾಮೆರಾಗಳೂ ಒಟ್ಟಿಗೆ ನುಗ್ಗಿವೆ, ಪಾಪ ಆ ಒಂದು ಪ್ರಶ್ನೆಯನ್ನು ಪೆಟ್ಟಿಗೆಯೇ ಬಿಸಾಕಿದೆ. ಮತ್ತೆ ಕೇಳುವುದು ಒಂದು ದಿನ ಬಿಟ್ಟು.

ಅಂದರೆ ಹನ್ನೊಂದರಿಂದ ಹನ್ನೆರಡು ಚಿತ್ರ ಪೂರ್ತಿಯಾಗಿದೆ. ಒಂದು ತುಣುಕೂ ಬಿಟ್ಟುಹೋಗಿಲ್ಲ.

ನೋಡಿದೆ. ಬಟ್ಟೆ ಹಾಕಲಿಲ್ಲ.

ಮೊದಲು ಕನ್ನಡಕ ತೆಗೆಸಿದರು. ಮೇಷ್ಟ್ರು ಅದನ್ನು ಮಡಚಿ ಜೇಬಿಗಿಡಲು ಹೋದರು, ಮುಂಗೈ ಕಸಿದುಕೊಂಡು ತುಳಿದ. ಆಮೇಲೆ ಬೆಂಚಿನ ಮೇಲೆ ಅವರ ಬಲಗೈ ಚಾಚಿಸಿ ಬಾಗಿಲಿನ ಅಡ್ಡಕಂಬಿಯಿಂದ ಹೊಡೆದ. ಬೆರಳು ಬೆರಳಿಗೂ. ಒಂದಕ್ಕೆ ಹೊಡೆದು, ಏನೋ ಕೇಳಿ, ಇನ್ನೊಂದಕ್ಕೆ ಹೊಡೆದ. ಕಂಬಿ ಏಳುವುದೂ ಕಾಣುತ್ತದೆ, ಬೀಳುವುದೂ ಕಾಣುತ್ತದೆ. ಸದ್ದಿಲ್ಲ, ನಮ್ಮ ಕ್ಯಾಮೆರಾಗಳಿಗೆ ಕಿವಿಯಿಲ್ಲ. ಮೇಷ್ಟ್ರ ಬಾಯಿ ಮಾತ್ರ ತೆರೆದು ಮುಚ್ಚುತ್ತದೆ. ನಾಲ್ಕನೇ ಬೆರಳಿಗೆ ಅವರು ಎಡಗೈಯಿಂದ ಮುಂಗೈಯ ಕೊರಳು ಹಿಡಿದರು. ಅರವತ್ತು ದಾಟಿದ ಮನುಷ್ಯ, ಹೇಗೆ ಹಿಡಿದರೆಂದರೆ ಮುಂಗೈಯ ನಾಲಿಗೆ ಹೊರಗೆ ಬಂತು. ಆಗ ಇಬ್ಬರು ವಾರ್ಡರುಗಳು ಎಳೆದು ಕೆಡವಿದರು. ಬೂಟುಗಾಲು ಪಕ್ಕೆಗೆ, ಬೆನ್ನಿಗೆ, ಬಾಯಿಗೆ. ಒಬ್ಬ ಅವರ ಎರಡು ಕಾಲನ್ನೂ ತಬ್ಬಿ ಹಿಡಿದಿದ್ದಾನೆ. ಕಡೆಯವರೆಗೂ ಬಿಡಲಿಲ್ಲ. ಅವನು ಮುಖ ಎತ್ತಿದಾಗ ನೋಡಿದೆ. ನನ್ನ ಭಾವಮೈದುನ.

ಆಗಸ್ಟ್ 28, ಬುಧವಾರ

ಮೇಷ್ಟ್ರು ಬದುಕಿದ್ದಾರೆ. ಜೈಲಿನ ಆಸ್ಪತ್ರೆಯಲ್ಲಿದ್ದಾರೆ. ಬಚ್ಚಲಲ್ಲಿ ಜಾರಿಬಿದ್ದರು ಎಂದು ಬರೆದಿದ್ದಾರೆ. ಸಾಹೇಬರು ನನ್ನನ್ನು ನೋಡಿ, "ಎಲ್ಲ ಸರಿಯಾಗಿತ್ತಲ್ಲ ಮೊನ್ನೆ?" ಎಂದು ಕೇಳಿದರು. "ಗಡಿಯಾರದ ಕೆಲಸ ಸಾರ್" ಎಂದೆ. ಅವರು ನಕ್ಕರು.

ಭಾವಮೈದುನನನ್ನು ಮನೆಯ ಹಿತ್ತಲಿಗೆ ಕರೆದು ಹೇಳಿದೆ. ಅವನು ಗೋಡೆಗೆ ಒರಗಿ ಕುಕ್ಕುರುಗಾಲಲ್ಲಿ ಕೂತುಬಿಟ್ಟ.

"ನಾನು ಕಾಣ್ತೀನಾ ಭಾವ?"

"ಕಾಣ್ತೀಯ."

"ಮುಖ?"

"ಮುಖಾನೂ ಕಾಣುತ್ತೆ. ಕಾಲು ಹಿಡ್ಕೊಂಡಿದ್ದೀಯ."

"ನಾನು ಹೊಡೀಲಿಲ್ಲ ಭಾವ. ಅವರನ್ನ ಆ ಕಡೆ ಎಳ್ಕೊಳ್ಳೋಣ ಅಂತ ಹಿಡ್ಕೊಂಡೆ. ನಿಮ್ಮಾಣೆ. ಚಿತ್ರದಲ್ಲಿ ಹಾಗೆ ಕಾಣಲ್ವಾ?"

"ನೋಡಿ ಹೇಳ್ತೀನಿ."

"ಹಿಂದಿನ ವಾರ ಹೊಡೆದಿದ್ದೆ. ಬೇರೆಯವನಿಗೆ. ಇವರಿಗೆ ಹೊಡೀಲಿಲ್ಲ." ಊದಿದ ಗೆಣ್ಣನ್ನು ನೆಕ್ಕಿಕೊಂಡ. "ಅಳಿಸಿಬಿಡಿ ಭಾವ. ಅಳಿಸಿಬಿಡಿ, ನಿಮ್ಮ ಕೈಲಾಗುತ್ತಲ್ಲ?"

ಅಷ್ಟರಲ್ಲಿ ಅವನ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಏನನ್ನ ಅಳಿಸೋದು?" ಎಂದಳು. ನಾನು ಹೇಳಿದೆ. ಮೊದಲಿನಿಂದ ಎಲ್ಲ ಹೇಳಿದೆ, ಕುರ್ಚಿಯಲ್ಲಿ ಕೂತದ್ದನ್ನೂ. ಅವಳು ಬಂದು ತಮ್ಮನ ಕೆನ್ನೆಗೆ ಬಾರಿಸಿದಳು, ಮತ್ತೊಂದು ಬಾರಿಸಿದಳು, ಆಮೇಲೆ ಕೈ ನನ್ನ ಕಡೆಗೂ ಎದ್ದಿತು, ಹಾಗೇ ಗಾಳಿಯಲ್ಲಿ ನಿಂತಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊಡೆದಿದ್ದರೆ ಚೆನ್ನಾಗಿತ್ತು.

ಆಗಸ್ಟ್ 29, ಗುರುವಾರ

ಮುಖ್ಯ ಕಚೇರಿಯಿಂದ ಇಳಿಸಿಟ್ಟುಕೊಂಡ ಚಿತ್ರವನ್ನು ಹನ್ನೆರಡು ಸಲ ನೋಡಿದೆ. ಅವನು ಕಾಲು ಹಿಡಿದದ್ದು ಎಳೆದುಕೊಳ್ಳಲೋ, ಅಲುಗದಂತೆ ಹಿಡಿದುಕೊಳ್ಳಲೋ, ಗೊತ್ತಾಗುವುದಿಲ್ಲ.

ಆಸ್ಪತ್ರೆಯ ಫೋನು ಕೆಟ್ಟಿದೆ ಎಂದು ನಾನೇ ಹೇಳಿಕೊಂಡು ಒಳಗೆ ಹೋದೆ. ಮೇಷ್ಟ್ರ ಬಲಗೈ ಬ್ಯಾಂಡೇಜಿನಲ್ಲಿ ಒಂದು ದೊಡ್ಡ ಉಂಡೆಯ ಹಾಗಿತ್ತು. ಮುಂದಿನ ಹಲ್ಲುಗಳಿಲ್ಲ. ಕನ್ನಡಕವಿಲ್ಲದೆ ನನ್ನನ್ನು ಗುರುತಿಸಲು ಹೊತ್ತು ಹಿಡಿಯಿತು.

"ಯಾರು, ತಂತಿಯಾ?"

"ಹೂಂ ಮೇಷ್ಟ್ರೇ. ನಾನೇ ಅವರಿಗೆ ಹೇಳಿದ್ದು. ನಿಮ್ಮ ಅರ್ಜಿ ವಿಷಯ."

"ಗೊತ್ತು. ನಿನ್ನ ಬಿಟ್ಟು ಬೇರೆ ಯಾರಿಗೂ ನಾನು ಹೇಳಿರಲಿಲ್ಲ." ತುಟಿ ಒಡೆದಿದ್ದರಿಂದ ಮಾತು ಸೋರುತ್ತಿತ್ತು. "ಸೋಮವಾರ ಮತ್ತೆ ಆರನೇ ಬ್ಲಾಕಿಗೆ ಅಂತಪ್ಪ. ಎಡಗೈಲಿ ಬರೆಯೋಕೆ ಕಲಿತೀನೇನೋ ಅಂತ ಭಯ ಅವರಿಗೆ."

ನಕ್ಕರು. ಹಲ್ಲಿಲ್ಲದ ಕಡೆ ರಕ್ತ ಜಿನುಗಿತು. ಇನ್ನೊಂದು ಸಲ ಆ ಬೆಂಚಿಗೆ ಹೋದರೆ ಅವರು ಎದ್ದು ಬರುವುದಿಲ್ಲ. ಡಾಕ್ಟರೂ ಅದನ್ನೇ ಕಂಪೌಂಡರಿಗೆ ಹೇಳುತ್ತಿದ್ದರು, ಮೆಲ್ಲಗೆ.

ಇಲಿಗಳು ಮತ್ತೆ ಬಂದಿವೆ. ರಾತ್ರಿ ಗ್ಯಾಸು ಎರಡು ಸಲ ನೋಡಿದೆ.

ಆಗಸ್ಟ್ 31, ಶನಿವಾರ

ನ್ಯಾಯಾಲಯಕ್ಕೆ ಕಾಗದಪತ್ರ ಕಳಿಸುವ ದಾರಿ ನಮ್ಮಲ್ಲಿದೆ. ವಿಚಾರಣೆಯ ಟಿವಿಯನ್ನು ನಾನೇ ಜೋಡಿಸಿದ್ದು. ಆ ದಾರಿಯಲ್ಲಿ ಹಾಕಿದ್ದು ನೇರ ನ್ಯಾಯಾಧೀಶರ ಗುಮಾಸ್ತರ ಮೇಜಿಗೆ ಹೋಗುತ್ತದೆ. ಆದರೆ ಅದು ಎರಡನೇ ಸಾಲು. ಎರಡನೇ ಸಾಲಿನಲ್ಲಿ ಒಂದು ಗಂಟೆಯ ಚಿತ್ರ ಹೋದರೆ ಸಾಹೇಬರ ಪರದೆಯಲ್ಲಿ ದೀಪ ಹತ್ತಿದ ಹಾಗೆ ಕಾಣುತ್ತದೆ.

ಹಾಗಾಗಿ ಅದರ ಗುರುತು ಅಳಿಸಿದೆ. ಗುರುತಿಲ್ಲದ್ದು ನಾಲ್ಕನೇ ಸಾಲು. ಸಾಹೇಬರಿಗೆ ಕಸ ಕಾಣುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ ಚಿತ್ರವನ್ನು ಹಾಕಿದೆ. ಜೊತೆಗೆ ಒಂದು ಕಾಗದವನ್ನೂ ಇಟ್ಟೆ. ಸೋಮವಾರ ಮೇಷ್ಟ್ರನ್ನು ಅಲ್ಲಿಗೇ ಒಯ್ಯುತ್ತಾರೆ ಎಂದು ಬರೆದೆ, ಬೇರೆ ದಿನಗಳ ಹನ್ನೊಂದು ಗಂಟೆ ಯಾಕೆ ಒಡೆದಿದೆ ಎಂದು ಬರೆದೆ, ಯಾರು ಒಡೆದದ್ದು ಎಂದೂ ಬರೆದೆ. ಕೆಳಗೆ ನನ್ನ ಹೆಸರು. ತಪ್ಪುಗಳಿರಬಹುದು, ತಿದ್ದಲು ಮೇಷ್ಟ್ರಿಲ್ಲ.

ಹತ್ತು ಗಂಟೆಗೆ ನೂರಕ್ಕೆ ನಾಲ್ಕು ಪಾಲು ಹೋಗಿತ್ತು. ಮಧ್ಯಾಹ್ನಕ್ಕೆ ಒಂಬತ್ತು. ಯಾವುದೋ ಕ್ಯಾಮೆರಾ ಸ್ವಲ್ಪ ಉಸಿರು ಬಿಟ್ಟಾಗ ಒಂದಿಷ್ಟು ಪ್ಯಾಕೆಟ್ಟುಗಳು ಸಂದಿಯಲ್ಲಿ ನುಸುಳುತ್ತವೆ. ಬಿಸಾಕಿದ್ದನ್ನು ಮತ್ತೆ ಕಳಿಸುತ್ತದೆ, ಮತ್ತೆ ಬಿಸಾಕಿದರೆ ಮತ್ತೆ. ನನ್ನ ಕೈ ತುರಿಸುತ್ತಿತ್ತು, ಎರಡು ನಿಮಿಷ ಮೊದಲ ಸಾಲಿಗೆ ಹಾಕಿಬಿಡಲೇ ಎಂದು. ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ.

ಮುಂಗೈ ಒಮ್ಮೆ ಬಂದ. ಕೊರಳಲ್ಲಿ ಐದು ಬೆರಳಿನ ಗುರುತು ಇನ್ನೂ ನೀಲಿಯಾಗಿದೆ. "ಏನೋ ತಂತಿ, ಶನಿವಾರಾನೂ ಇಷ್ಟೊತ್ತು? ಮನೇಲಿ ಹೆಂಡ್ತಿ ಓಡಿಸಿದ್ಲಾ?"

"ಓಡಿಸಿದ್ಲು ಅಣ್ಣ."

ಹೊಟ್ಟೆ ಹಿಡಿದುಕೊಂಡು ನಕ್ಕು ಹೋದ. ಪರದೆ ಅವನ ಎದುರಿಗೇ ಇತ್ತು. ನೂರಕ್ಕೆ ಹದಿಮೂರು ಎಂದು ತೋರಿಸುತ್ತಿತ್ತು.

ಮನೆಗೆ ಹೋದಾಗ ಭಾವಮೈದುನ ನನಗಾಗಿ ಕಾಯುತ್ತಿದ್ದ. "ಅಳಿಸಿದ್ರಾ?" ಎಂದ. ಇಲ್ಲ ಎಂದೆ. "ಕಳಿಸ್ತಿದ್ದೀರಾ?" ಎಂದ. ಹೂಂ ಎಂದೆ. ಅವನು ಕೈಯಲ್ಲಿದ್ದ ನೀರಿನ ಲೋಟವನ್ನು ಗೋಡೆಗೆ ಎಸೆದ. ಚೂರುಗಳನ್ನು ಅವನೇ ಗುಡಿಸಿದ. ಗುಡಿಸುತ್ತಾ, "ನಾನು ಎಳ್ಕೊಳ್ಳೋಕೆ ಹಿಡಿದಿದ್ದು ಭಾವ. ಕೇಳಿದವರಿಗೆ ಹಾಗಂತ ಹೇಳ್ತೀನಿ. ಆ ಇನ್ನೊಬ್ಬನಿಗೆ ಹೊಡೆದಿದ್ದನ್ನೂ ಹೇಳ್ಬೇಕಾ?" ಎಂದ.

ಅವನ ಅಕ್ಕ ಒಳಗಿನಿಂದಲೇ, "ಹೇಳು" ಎಂದಳು.

ಸೆಪ್ಟೆಂಬರ್ 2, ಸೋಮವಾರ

ಬೆಳಿಗ್ಗೆ ಏಳೂವರೆಗೆ ಬಂದಾಗ ನೂರಕ್ಕೆ ತೊಂಬತ್ತೊಂದು. ಭಾನುವಾರ ವಿಚಾರಣೆಯಿಲ್ಲ, ಅದಕ್ಕೇ ಅಷ್ಟು ಹೋಗಿದೆ. ಒಂಬತ್ತು ಗಂಟೆಗೆ ತೊಂಬತ್ತಾರು. ಹತ್ತಕ್ಕೆ ತೊಂಬತ್ತೆಂಟು. ಹನ್ನೊಂದಕ್ಕೆ ಮೇಷ್ಟ್ರನ್ನು ಒಯ್ಯುತ್ತಾರೆ, ಹನ್ನೊಂದಕ್ಕೇ ವಿಚಾರಣೆಗಳು ಶುರುವಾಗಿ ದಾರಿ ಮುಚ್ಚಿಹೋಗುತ್ತದೆ.

ಹತ್ತೂ ಹದಿನೈದಕ್ಕೆ ಎದ್ದು ಹೋಗಿ ಸಾಹೇಬರ ರೂಮಿನ ಪರದೆಗೆ ಹೋಗುವ ತಂತಿ ಕಿತ್ತೆ. ವಾಪಸ್ಸು ಬಂದು ಆ ಫೈಲನ್ನು ಮೊದಲ ಸಾಲಿಗೆ ಹಾಕಿದೆ, ಗಂಟೆಗೂ ಗೇಟಿಗೂ ಸಮನಾಗಿ. ಮೂರು ನಿಮಿಷ. ತಲುಪಿದೆ ಎಂದು ಆಚೆಯಿಂದ ಉತ್ತರ ಬಂತು. ಗುಮಾಸ್ತರಿಗೆ ಫೋನು ಮಾಡಿ ತೆರೆದು ನೋಡಿ ಸ್ವಾಮಿ ಎಂದೆ. ಅವರು ನೋಡುತ್ತಿರುವಾಗ ಫೋನಿನಲ್ಲಿ ಅವರ ಉಸಿರು ಕೇಳಿಸುತ್ತಿತ್ತು. ಆಮೇಲೆ ಉಸಿರೂ ಕೇಳಿಸಲಿಲ್ಲ. "ಲೈನಲ್ಲಿರಿ, ದೊಡ್ಡವರಿಗೆ ತೋರಿಸ್ತೀನಿ" ಎಂದರು.

ಹತ್ತೂ ಐವತ್ತಕ್ಕೆ ಗೇಟಿನಲ್ಲಿ ನ್ಯಾಯಾಲಯದ ಜೀಪು. ಎರಡು ಬೀದಿಯಾಚೆಯಿಂದ ಬರಲು ಎಷ್ಟು ಹೊತ್ತು ಬೇಕು? ಮೇಷ್ಟ್ರನ್ನು ಸ್ಟ್ರೆಚರಿನಲ್ಲಿ ಹೊರಗೆ ತಂದರು. ಭಾವಮೈದುನ ಒಂದು ತುದಿ ಹಿಡಿದಿದ್ದ, ಯಾರೂ ಹೇಳಿರಲಿಲ್ಲ. ಅಂಗಳದಲ್ಲಿ ಇನ್ನೂ ಬಿದ್ದಿದ್ದ ಚಪ್ಪಲಿಯನ್ನು ಎತ್ತಿ ಮೇಷ್ಟ್ರ ಕಾಲ ಬಳಿ ಇಟ್ಟ, ಜೀಪಿನಲ್ಲಿ ತಾನೂ ಕೂತ. ಇವೆಲ್ಲ ಗೇಟಿನ ಕ್ಯಾಮೆರಾದಲ್ಲಿ ನೋಡಿದೆ. ಚಿತ್ರ ಸ್ವಚ್ಛವಾಗಿತ್ತು.

ಜೀಪು ಹೋಗಿ ಕಾಲು ಗಂಟೆಯಾಗಿದೆ. ಸಾಹೇಬರು ಯಾರಿಗೋ ಫೋನಿನಲ್ಲಿ ಕಿರುಚುತ್ತಿರುವುದು ಇಲ್ಲಿಗೂ ಕೇಳಿಸುತ್ತಿದೆ. ಈಗ ತಾನೇ ಮುಂಗೈ ಬಾಗಿಲಿಗೆ ಬಂದು ಹೇಳಿ ಹೋದ. ಬೈಯಲಿಲ್ಲ, ಮೆಲ್ಲಗೆ ಹೇಳಿದ. "ಆರನೇ ಬ್ಲಾಕಿನ ಕ್ಯಾಮೆರಾ ಕೆಟ್ಟಿದೆಯಂತೆ. ಬಂದು ನೋಡ್ಬೇಕಂತೆ. ಬೇಗ ಬಾ." ತೋಳು ಮಡಚುತ್ತಲೇ ಹೋದ.

ಕ್ಯಾಮೆರಾ ಕೆಟ್ಟಿಲ್ಲ. ಗಡಿಯಾರ ಸರಿಮಾಡಿದ್ದೇನೆ. ಹನ್ನೊಂದರ ಆ ಹಳೆಯ ನಿಯಮ ಅಳಿಸಿದ್ದೇನೆ. ಆರನೇ ಬ್ಲಾಕನ್ನು ಮೊದಲ ಸಾಲಿಗೆ ಹಾಕಿದ್ದೇನೆ. ಗುಮಾಸ್ತರು ಇನ್ನೂ ಲೈನಿನಲ್ಲೇ ಇದ್ದಾರೆ. ಆ ಕ್ಯಾಮೆರಾ ಈಗ ಏನು ನೋಡುತ್ತಿದೆಯೋ ಅದನ್ನು ಅವರ ಪರದೆಗೂ ಬಿಟ್ಟಿದ್ದೇನೆ.

ಈ ನೋಟ್‌ಬುಕ್ಕನ್ನು ಎಲ್ಲಿ ಇಡುವುದೆಂದು ಯೋಚಿಸಲಿಲ್ಲ, ಮೇಜಿನ ಮೇಲೆಯೇ ಇರಲಿ. ರೂಮಿಗೆ ಬೀಗ ಹಾಕುವುದಿಲ್ಲ. ಕರೆಯುತ್ತಿದ್ದಾರೆ, ಹ್ಞಾ ಬಂದೆ.